ಬಾಡಿಗೆ ಫ್ಲ್ಯಾಟ್‌ನ ಬಾಗಿಲಿಗೆ ಬೋಹೋ ಶೈಲಿ ಬೇಕಾ? ಮೊದಲು ಚಪ್ಪಲಿಗೆ ಜಾಗ ಮಾಡಿ

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೇವೆ. ಬಾಗಿಲು ತೆಗೆದ ಕೂಡಲೇ ಸುಮಾರು 4 ಅಡಿ ಅಗಲ, 7 ಅಡಿ ಉದ್ದದ ಓಣಿಯಂಥ ಜಾಗ, ಅದನ್ನು ದಾಟಿದರೆ ಹಾಲ್. ಕಿಟಕಿ ಇಲ್ಲ. ಒಂದು ಗೋಡೆಯಲ್ಲಿ ಎಂಸಿಬಿ ಬಾಕ್ಸ್ (ಕರೆಂಟ್ ಟ್ರಿಪ್ ಆಗುವ ಸ್ವಿಚ್‌ಗಳ ಡಬ್ಬಿ), ಕೆಳಗೆ ಐದು ಜನರ ಚಪ್ಪಲಿ ರಾಶಿ. ಈ ಜಾಗವನ್ನು ಬೋಹೀಮಿಯನ್, ಅಂದರೆ ಬೋಹೋ ಶೈಲಿಯಲ್ಲಿ ಅಲಂಕರಿಸಬೇಕು ಅಂತ ಆಸೆ. ಮ್ಯಾಕ್ರಮೆ (ದಾರ ಗಂಟು ಹಾಕಿ ಹೆಣೆದ ಅಲಂಕಾರ), ಪಾಂಪಸ್ ಹುಲ್ಲು (ಹೂದಾನಿಯಲ್ಲಿಡುವ ಒಣಹುಲ್ಲು), ಬೆತ್ತದ ಕನ್ನಡಿ, ಗಿಡ ಎಲ್ಲವನ್ನೂ ಆನ್‌ಲೈನ್ ಕಾರ್ಟ್‌ಗೆ ಹಾಕಿಟ್ಟಿದ್ದೇನೆ. ಮೊಳೆ ಹೊಡೆಯಬೇಡಿ ಅಂತ ಓನರ್ ಹೇಳಿದ್ದಾರೆ. ಹೊಸ್ತಿಲಿಗೆ ರಂಗೋಲಿ, ದೀಪ, ಮಾವಿನ ತೋರಣ ತಪ್ಪಬಾರದು ಅಂತ ಅತ್ತೆ ಹೇಳಿದ್ದಾರೆ. ಬಜೆಟ್ 15,000 ರೂಪಾಯಿ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಕಾರ್ಟ್ ಖಾಲಿ ಮಾಡುವುದರಿಂದ. ಬೇಜಾರು ಮಾಡಿಕೊಳ್ಳಬೇಡಿ, ಅದರಲ್ಲಿರುವ ಒಂದೆರಡು ವಸ್ತು ಆಮೇಲೆ ವಾಪಸ್ ಬರಬಹುದು. ಆದರೆ ಕಾರ್ಟ್‌ನಿಂದ ಶುರು ಮಾಡಿದ ಬೋಹೋ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಲ್ಲ ಒಂದೇ ಥರ. ಒಂದು ಬಿಳಿ ಮ್ಯಾಕ್ರಮೆ, ಒಂದು ಸೂರ್ಯನ ಆಕಾರದ ಕನ್ನಡಿ, ಒಂದು ಹೂದಾನಿಯಲ್ಲಿ ಒಣಹುಲ್ಲು. ಯಾರ ಮನೆಗೆ ಬಂದಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಈ ಶೈಲಿ ಹುಟ್ಟಿದ್ದೇ ಅದಕ್ಕೆ ತದ್ವಿರುದ್ಧವಾಗಿ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಕೈಯಲ್ಲಿ ಕಾಸಿಲ್ಲದ ಚಿತ್ರಕಾರರು, ಬರಹಗಾರರು ಬಾಡಿಗೆ ಕಡಿಮೆ ಇರುವ ಕೋಣೆಗಳಲ್ಲಿದ್ದುಕೊಂಡು, ಸಿಕ್ಕ ಸಾಮಾನು, ಸೆಕೆಂಡ್‌ಹ್ಯಾಂಡ್ ಬಟ್ಟೆ, ಗೆಳೆಯರು ಬಿಟ್ಟುಹೋದ ವಸ್ತು ಇಟ್ಟುಕೊಂಡು ಬದುಕಿದ ರೀತಿ ಅದು. ಆಮೇಲೆ 1960, 70ರ ದಶಕಗಳಲ್ಲಿ ಹಿಪ್ಪಿಗಳು ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ರಸ್ತೆಯಲ್ಲೇ ಭಾರತ, ನೇಪಾಳಕ್ಕೆ ಬಂದರಲ್ಲ, ವಾಪಸ್ ಹೋಗುವಾಗ ಇಲ್ಲಿನ ಅಚ್ಚು ಹಾಕಿದ ಹತ್ತಿ ಹೊದಿಕೆ, ಕನ್ನಡಿ ಕಸೂತಿ, ಹಿತ್ತಾಳೆ ಪಾತ್ರೆ ಕಟ್ಟಿಕೊಂಡು ಹೋದರು. ಇವತ್ತು ನೀವು ಫೋನಿನಲ್ಲಿ ನೋಡುವ ಬೋಹೋ ಫೋಟೋಗಳಲ್ಲಿ ಬಹಳಷ್ಟು ನಮ್ಮ ಕಡೆಯ ಸಾಮಾನಿನದ್ದೇ ನಕಲು. ಆ ನಕಲಿನ ನಕಲಿಗೆ ನಾವು ದುಡ್ಡು ಕೊಟ್ಟು ಕೊರಿಯರ್‌ನಲ್ಲಿ ತರಿಸಿಕೊಳ್ಳುವುದು ಸ್ವಲ್ಪ ತಮಾಷೆ ಅಲ್ವಾ?

ಹಾಗಾಗಿ ನಿಮ್ಮ ಮೊದಲ ಅಂಗಡಿ ನಿಮ್ಮ ಮನೆಯ ಟ್ರಂಕು. ಎರಡನೆಯದು ನಿಮ್ಮ ತವರಿನ ಅಟ್ಟ. ಮೂರನೆಯದು ಅತ್ತೆಯವರ ಬೀರು. ಇದರಿಂದ ಇನ್ನೊಂದು ಲಾಭವೂ ಇದೆ. ಅವರ ಹಳೆಯ ಸೀರೆಯೊಂದನ್ನು ಕೇಳಿ ತಂದು ಬಾಗಿಲ ಹತ್ತಿರ ಹಾಕಿದರೆ, ಈ ಅಲಂಕಾರ ಅವರದ್ದೂ ಆಗುತ್ತದೆ. ಆಮೇಲೆ ತೋರಣದ ಜಗಳ ಅರ್ಧ ಮುಗಿದ ಹಾಗೆ.

ಆದರೆ ಸೀರೆಗಿಂತ ಮೊದಲು ಚಪ್ಪಲಿ. ಐದು ಜನ ಅಂದರೆ ಕಡಿಮೆ ಅಂದರೂ ಹತ್ತು ಜೋಡಿ ಇರುತ್ತದೆ. ಆ ರಾಶಿ ನೆಲದ ಮೇಲಿರುವಾಗ ಗೋಡೆಗೆ ಏನು ನೇತು ಹಾಕಿದರೂ ಕಣ್ಣು ಹೋಗುವುದು ಚಪ್ಪಲಿಗೇ. ಹೊರಗಿನ ಕಾರಿಡಾರ್‌ನಲ್ಲಿ ಸ್ಟ್ಯಾಂಡ್ ಇಟ್ಟರಾಯಿತು ಅಂತ ಯೋಚಿಸಬೇಡಿ. ಅಸೋಸಿಯೇಷನ್‌ನವರ ಕಿರಿಕಿರಿ ಒಂದು ಕಡೆ ಇರಲಿ, ಬೆಂಕಿ ಬಿದ್ದರೆ ಹೊಗೆಯಲ್ಲಿ ಎಲ್ಲರೂ ಓಡುವ ದಾರಿ ಅದು.

ನಿಮ್ಮ ಜಾಗದ ಅಗಲ 48 ಇಂಚು. ಓಡಾಡಲು 36 ಇಂಚು ಬಿಡಲೇಬೇಕು, ಇಲ್ಲದಿದ್ದರೆ ತರಕಾರಿ ಚೀಲ ಹಿಡಿದುಕೊಂಡು ಬರುವಾಗ ಮೈ ಗೋಡೆಗೆ ಉಜ್ಜುತ್ತದೆ. ಅಂದರೆ ನಿಮಗೆ ಸಿಗುವುದು 12 ಇಂಚು. ಅಂಗಡಿಗಳಲ್ಲಿ ಸಿಗುವ, ಮುಂದಕ್ಕೆ ವಾಲಿಸಿ ತೆಗೆಯುವ ತೆಳ್ಳನೆಯ ಶೂ ಕ್ಯಾಬಿನೆಟ್ ಜಾಗ ಉಳಿಸುತ್ತದೆ, ನಿಜ. ಆದರೆ ಅದನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಲೇಬೇಕು, ಇಲ್ಲದಿದ್ದರೆ ಖಾನೆಗಳನ್ನು ಒಟ್ಟಿಗೆ ಎಳೆದಾಗ ಇಡೀ ಕ್ಯಾಬಿನೆಟ್ ಮುಂದಕ್ಕೆ ಬೀಳುತ್ತದೆ. ಮೊಳೆ ಬೇಡ ಅನ್ನುವ ಓನರ್ ಇರುವ ಮನೆಗೆ ಅದು ಆಗುವುದಿಲ್ಲ.

ನಾನು ಹೇಳುವುದು ಬೆಂಚು. 12 ಇಂಚು ಆಳ, 17 ಇಂಚು ಎತ್ತರ, ಮೂರೂವರೆ ಅಡಿ ಉದ್ದ, ಒಳಗೆ ಎರಡು ಹಂತ. ಹತ್ತಿರದ ಕಾರ್ಪೆಂಟರ್ ಕೈಲಿ ಜಂಗಲ್‌ವುಡ್‌ನಲ್ಲೋ ಪ್ಲೈವುಡ್‌ನಲ್ಲೋ ಮಾಡಿಸಿ. ಕೂತು ಶೂ ಹಾಕಿಕೊಳ್ಳಬಹುದು, ಮಂಡಿ ನೋವಿರುವ ಹಿರಿಯರಿಗಂತೂ ಇದು ದೊಡ್ಡ ಉಪಕಾರ. ಮುಂಭಾಗಕ್ಕೆ ಬಾಗಿಲು ಬೇಡ, ಒಂದು ಸ್ಪ್ರಿಂಗ್ ವೈರ್ ಎಳೆದು ಬಟ್ಟೆಯ ಪರದೆ ಬಿಡಿ. ಗಾಳಿ ಆಡುತ್ತದೆ, ವಾಸನೆ ಕೂಡುವುದಿಲ್ಲ. ಈ ಪರದೆಗೆ ಗುಳೇದಗುಡ್ಡದ ಖಣ ನನ್ನ ಇಷ್ಟದ ಬಟ್ಟೆ. ಕುಪ್ಪಸಕ್ಕೆ ಅಂತ ನೇಯುವ ಬಟ್ಟೆ ಅದು, ಅಗಲ ಕಡಿಮೆ, ಆದ್ದರಿಂದ ಎರಡು ಬಣ್ಣದ ತುಂಡು ಜೋಡಿಸಿ ಹೊಲಿಸಿದರೂ ಚೆನ್ನ. ಮಳೆಗಾಲದಲ್ಲಿ ಒದ್ದೆ ಚಪ್ಪಲಿಯನ್ನು ನೇರವಾಗಿ ಒಳಗೆ ತಳ್ಳಬೇಡಿ, ಬೆಂಚಿನ ಪಕ್ಕ ಒಂದು ಟ್ರೇ ಇಟ್ಟು ಅದರಲ್ಲಿ ಒಣಗಲು ಬಿಡಿ.

ಈಗ ಮೊಳೆಯ ಸಮಸ್ಯೆ. ಅದೇ ಕಾರ್ಪೆಂಟರ್‌ಗೆ ಹೇಳಿ ಬೆಂಚಿನ ಹಿಂಭಾಗಕ್ಕೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿಕೊಳ್ಳಿ. ಬೆಂಚಿನಷ್ಟೇ ಅಗಲ, ನೆಲದಿಂದ ಸುಮಾರು ಆರು ಅಡಿ ಎತ್ತರ, ಬೆಂಚಿಗೇ ಸ್ಕ್ರೂ ಹಾಕಿ ಬಿಗಿದಿರಬೇಕು. ಇನ್ನು ಮುಂದೆ ನಿಮ್ಮ ಗೋಡೆ ಅದೇ. ಕನ್ನಡಿ, ಕೊಕ್ಕೆ, ಬಟ್ಟೆ ಎಲ್ಲವೂ ಆ ಹಲಗೆಗೆ. ಮನೆ ಬದಲಿಸುವಾಗ ಬಿಚ್ಚಿ ತೆಗೆದುಕೊಂಡು ಹೋಗಬಹುದು, ಓನರ್ ಗೋಡೆ ಹೇಗಿತ್ತೋ ಹಾಗೇ ಇರುತ್ತದೆ. ಒಂದು ಎಚ್ಚರಿಕೆ: ಎತ್ತರದ ಹಲಗೆ, ಕಡಿಮೆ ಆಳದ ಬೆಂಚು. ತೂಕ ಕೆಳಗೇ ಇರಬೇಕು, ಮೇಲೆ ಬ್ಯಾಗು, ಹೆಲ್ಮೆಟ್ಟು, ಜಾಕೆಟ್ಟು ಎಲ್ಲ ಪೇರಿಸಬಾರದು. ಮನೆಯಲ್ಲಿ ಹತ್ತಿ ಇಳಿಯುವ ಮಕ್ಕಳಿದ್ದರೆ ಹಲಗೆಯ ಮೇಲ್ತುದಿಯನ್ನು ಗೋಡೆಗೆ ಒಂದೆರಡು ಸ್ಕ್ರೂ ಹಾಕಿ ಹಿಡಿಸಲೇಬೇಕು. ಮನೆ ಬಿಡುವಾಗ ಪುಟ್ಟಿ ತುಂಬಿಸಿ ಬಣ್ಣ ಹಚ್ಚಿಸಿ ಕೊಡುತ್ತೇವೆ ಅಂತ ವಾಟ್ಸಾಪ್‌ನಲ್ಲಿ ಬರೆದು ಕೇಳಿ ನೋಡಿ. ಇಡೀ ಮನೆಗೆ ಮೊಳೆ ಹೊಡೆಯುತ್ತೀನಿ ಅಂದರೆ ಬೇಡ ಅನ್ನುವವರು ಎರಡು ತೂತಿಗೆ ಸಾಮಾನ್ಯವಾಗಿ ಹೂಂ ಅನ್ನುತ್ತಾರೆ. ಒಪ್ಪದಿದ್ದರೆ ಹಲಗೆಯ ಆಸೆ ಬಿಟ್ಟು ಬರೀ ಬೆಂಚು ಇಟ್ಟುಕೊಳ್ಳಿ. ಅಂಟಿಸುವ ಕೊಕ್ಕೆಗಳನ್ನು ನಂಬಬೇಡಿ. ಡಿಸ್ಟೆಂಪರ್ ಬಳಿದ ಗೋಡೆಯಾದರೆ ಬಣ್ಣದ ಸಮೇತ ಕಿತ್ತುಕೊಂಡು ಬರುತ್ತವೆ.

ಹಲಗೆಯ ಬಣ್ಣ ಯಾವುದು ಅಂದರೆ, ಕೆಮ್ಮಣ್ಣಿನ ಕೆಂಪು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಮನೆಯ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಮೂರ್ನಾಲ್ಕೇ ಬಣ್ಣ, ಆದರೆ ಗೆರೆಗಳ ಲೆಕ್ಕಾಚಾರ ನೋಡಿದರೆ ತಲೆ ತಿರುಗುತ್ತದೆ. ಆ ಕೆಂಪಿನ ಮೇಲೆ ಬೆತ್ತ, ಹಿತ್ತಾಳೆ, ಬಿಳಿ ದಾರ ಎಲ್ಲವೂ ಎದ್ದು ಕಾಣುತ್ತವೆ. ಚಿತ್ತಾರವನ್ನು ನೀವೇ ನಕಲು ಮಾಡಿ ಬರೆಯಲು ಹೋಗಬೇಡಿ, ಸ್ಟಿಕ್ಕರ್ ಅಂತೂ ಬೇಡವೇ ಬೇಡ. ಬರೆಯುವವರ ಕೈಯಿಂದಲೇ ಒಂದು ಸಣ್ಣ ಚಿತ್ತಾರ ಕೊಂಡು ಫ್ರೇಮ್ ಹಾಕಿಸಿ. ರೈತರ ಹಬ್ಬವಾದ ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದು ಹೊರುವ ಬುಟ್ಟಿ ಇದೆಯಲ್ಲ, ಅಂಥದ್ದು ಸಿಕ್ಕಿದರೆ ಛತ್ರಿ ಇಡಲು, ಮಫ್ಲರ್ ಹಾಕಲು ಬೇರೆ ಏನೂ ಬೇಡ.

ಇನ್ನು ಬಟ್ಟೆ. ಬೋಹೋ ಮನೆಗೆ ಜೀವ ಬರುವುದು ಇದರಿಂದ, ಮತ್ತು ಹೆಚ್ಚಿನವರು ತಪ್ಪುವುದೂ ಇಲ್ಲೇ. ಒಂದೇ ಒಂದು ಬಟ್ಟೆಯನ್ನು ಮುಖ್ಯ ಅಂತ ಆರಿಸಿ. ಅದರಲ್ಲಿರುವ ಬಣ್ಣಗಳಲ್ಲಿ ಮೂರನ್ನು ಹಿಡಿಯಿರಿ. ಆಮೇಲೆ ಆ ಜಾಗಕ್ಕೆ ಬರುವ ಪ್ರತಿ ವಸ್ತುವೂ ಆ ಮೂರರಲ್ಲಿ ಒಂದಾಗಿರಬೇಕು, ಅಥವಾ ಮರ, ಮಣ್ಣು, ಹಿತ್ತಾಳೆಯ ಸ್ವಂತ ಬಣ್ಣದಲ್ಲಿರಬೇಕು. ಡಿಸೈನ್ ಎಷ್ಟು ಬೇಕಾದರೂ ಬೆರೆಸಿ, ಗೆರೆ, ಚೌಕಳಿ, ಹೂವು ಎಲ್ಲ ಒಟ್ಟಿಗೆ ಇರಲಿ, ಬಣ್ಣ ಮಾತ್ರ ಲೆಕ್ಕದಲ್ಲಿರಲಿ. ಹೀಗೆ ಮಾಡಿದರೆ ಎಷ್ಟು ತುಂಬಿದರೂ ಸಂತೆ ಅನ್ನಿಸುವುದಿಲ್ಲ.

ಮುಖ್ಯ ಬಟ್ಟೆ ಯಾವುದಾಗಬಹುದು? ಮನೆಯಲ್ಲಿ ಹಳೆಯ ಕೌದಿ ಇದ್ದರೆ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ ಅಜ್ಜಿಯರು ಹೊಲಿದ ಕೌದಿಗಿಂತ ಬೋಹೋ ಆದದ್ದು ಜಗತ್ತಿನಲ್ಲಿ ಇನ್ನೇನಿದೆ ಹೇಳಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳು ಇನ್ನೂ ಗಟ್ಟಿ ಬಣ್ಣದವು. ಅಂಚಿನಿಂದ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಹೊಲಿಯುತ್ತಾರೆ. ಕೌದಿ ಭಾರ ಇರುತ್ತದೆ, ನೇತು ಹಾಕಬೇಡಿ. ಮಡಿಸಿ ಬೆಂಚಿನ ಮೇಲೆ ಹಾಸಿ. ಕೂರುವ ಜಾಗ ಮೆತ್ತಗಾಗುತ್ತದೆ, ಬೇರೆ ಕುಶನ್ ಬೇಡ.

ಕೌದಿ ಇಲ್ಲ ಅಂದರೆ ಲಂಬಾಣಿ ಕಸೂತಿಯ ಒಂದು ತುಂಡು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕನ್ನಡಿ ಚೂರು, ಕವಡೆ, ಬಣ್ಣದ ದಾರ ಎಲ್ಲ ಸೇರಿರುವ ಕೆಲಸ ಅದು. ದೊಡ್ಡದು ಬೇಡ, ಒಂದು ದಿಂಬಿನ ಕವರಿನಷ್ಟು ಇದ್ದರೂ ಸಾಕು. ಕಿಟಕಿ ಇಲ್ಲದ ಜಾಗದಲ್ಲಿ ಆ ಕನ್ನಡಿ ಚೂರುಗಳು ಲೈಟ್ ಹಾಕಿದ ತಕ್ಷಣ ಮಿಂಚುತ್ತವೆ.

ಅತ್ತೆಯವರ ಇಳಕಲ್ ಸೀರೆ ಇದ್ದು, ಮೈ ಹರಿದು ಸೆರಗು ಗಟ್ಟಿ ಇದ್ದರೆ, ಅದಕ್ಕೆ ಬೇರೆ ಜಾಗ ಇದೆ. ನಿಮ್ಮ ಓಣಿ ಮುಗಿದು ಹಾಲ್ ಶುರುವಾಗುವಲ್ಲಿ, ಗೋಡೆಯಿಂದ ಗೋಡೆಗೆ ಒಂದು ಟೆನ್ಷನ್ ರಾಡ್ ಬಿಗಿಯಿರಿ. ತಿರುಗಿಸಿದರೆ ಉದ್ದವಾಗಿ ಎರಡೂ ಕಡೆ ಒತ್ತಿ ನಿಲ್ಲುವ ರಾಡ್, ಬಾತ್‌ರೂಮ್ ಪರದೆಗೆ ಹಾಕುತ್ತಾರಲ್ಲ, ಅದೇ. ಮೊಳೆ ಬೇಡ. ಅದರಿಂದ ಸೆರಗನ್ನು ಒಂದು ಅಡಿಯಷ್ಟು ಮಾತ್ರ ಇಳಿಬಿಡಿ, ಇಳಕಲ್ ಸೆರಗಿನ ಗುರುತಾದ ಕೆಂಪು ಬಿಳಿಯ ತೋಪು ತೆನೆ ವಿನ್ಯಾಸದ ಸಾಲು ಕಾಣುವ ಹಾಗೆ. ಬಟ್ಟೆಯದೇ ತೋರಣ. ಮ್ಯಾಕ್ರಮೆಯನ್ನೂ ಕಾರ್ಟ್‌ನಿಂದ ತೆಗೆಯಿರಿ ಅಂದೆನಲ್ಲ, ಅದು ಈ ಕಾರಣಕ್ಕೆ. ಬಾಗಿಲಿಗೆ ಮಾವಿನೆಲೆ, ಒಳಗೆ ಸೆರಗು, ಇಷ್ಟಾದ ಮೇಲೆ ಬಿಳಿ ದಾರದ ಗಂಟಿಗೆ ಅಲ್ಲಿ ಏನು ಕೆಲಸ? ನೀವೇ ಕೂತು ಹೆಣೆಯುವುದಾದರೆ ಮಾತು ಬೇರೆ. ಹತ್ತಿಯ 3 ಅಥವಾ 4 ಎಂಎಂ ದಾರ ತಂದು ಒಂದು ಕುಂಡ ಹಿಡಿಯುವಷ್ಟು ಹೆಣೆಯಿರಿ, ಸಾಕು.

ಬೆಳಕು. ಕಿಟಕಿ ಇಲ್ಲದ ಜಾಗದಲ್ಲಿ ಇದು ಬಣ್ಣಕ್ಕಿಂತ ಮುಖ್ಯ. ಈಗ ಅಲ್ಲಿ ಬಿಲ್ಡರ್ ಹಾಕಿಸಿದ ಬೆಳ್ಳನೆಯ ಟ್ಯೂಬೋ ಪ್ಯಾನಲ್ಲೋ ಇರಬೇಕು, 6500 ಕೆಲ್ವಿನ್‌ನದ್ದು (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ). ಅದರ ಕೆಳಗೆ ಕೆಂಪು, ಅರಿಶಿನ ಬಣ್ಣಗಳು ಸತ್ತ ಹಾಗೆ ಕಾಣುತ್ತವೆ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದಿರುವ, 7 ವ್ಯಾಟ್‌ನ ಎಲ್‌ಇಡಿ ಬಲ್ಬ್ ತನ್ನಿ. ಅದಕ್ಕೆ ಬೆತ್ತದ ಅಥವಾ ಬಿದಿರಿನ ಶೇಡ್. ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಹೋಲ್ಡರ್ ವಿಷಯದಲ್ಲಿ. ನಮ್ಮ ಮನೆಗಳ ಹಳೆಯ ಹೋಲ್ಡರ್ ಪಿನ್ನಿನದು, ಬಿ22. ಅಲಂಕಾರದ ದೀಪಗಳು ಹೆಚ್ಚಾಗಿ ತಿರುಪಿನವು, ಇ27. ನೋಡಿಕೊಂಡೇ ಬಲ್ಬ್ ತನ್ನಿ. ಶೇಡಿನ ಕೆಳತುದಿ ನೆಲದಿಂದ ಏಳು ಅಡಿ ಮೇಲಿರಲಿ, ಬಾಗಿಲು ಪೂರ್ತಿ ತೆರೆದಾಗ ತಾಗದಿರಲಿ. ಬೆತ್ತದೊಳಗೆ ಹಳೆಯ ಕಾಲದ ಬಿಸಿಯಾಗುವ ಬಲ್ಬ್ ಹಾಕಬೇಡಿ, ಒಣಗಿದ ಬೆತ್ತ ಬಿಸಿ ತಡೆಯುವುದಿಲ್ಲ.

ಎಂಸಿಬಿ ಬಾಕ್ಸನ್ನು ಏನು ಮಾಡಲಿ ಅಂತ ಎಲ್ಲರೂ ಕೇಳುತ್ತಾರೆ. ಏನೂ ಮಾಡಬೇಡಿ. ಅದರ ಮೇಲೆ ಬಟ್ಟೆ ಇಳಿಬಿಡುವುದು, ಮುಂದೆ ಗಿಡ ಇಡುವುದು, ಭಾರದ ಪೇಂಟಿಂಗ್ ಹಾಕುವುದು ಯಾವುದೂ ಬೇಡ. ರಾತ್ರಿ ಕತ್ತಲಲ್ಲಿ ಟ್ರಿಪ್ ಆದಾಗ ಕೈ ನೇರವಾಗಿ ಅಲ್ಲಿಗೆ ಹೋಗಬೇಕು. ಆ ಗೋಡೆ ಖಾಲಿ ಇರಲಿ. 4 ಅಡಿಯ ಓಣಿಯಲ್ಲಿ ಎರಡೂ ಗೋಡೆ ತುಂಬಿದರೆ ಉಸಿರು ಕಟ್ಟುತ್ತದೆ, ಹೇಗೂ ಒಂದು ಗೋಡೆ ಬಿಡಲೇಬೇಕಿತ್ತು.

ಕನ್ನಡಿ ಹಲಗೆಯ ಮೇಲೆ, ಅದರ ನಡುಭಾಗ ನೆಲದಿಂದ ಸುಮಾರು 5 ಅಡಿಗೆ ಬರುವ ಹಾಗೆ. ಬಾಗಿಲಿಗೆ ಎದುರಾಗಿ ಕನ್ನಡಿ ಇರಬಾರದು ಅಂತ ಮನೆಯಲ್ಲಿ ಯಾರಾದರೂ ವಾಸ್ತು ಹೇಳಿದರೆ ವಾದ ಮಾಡಬೇಡಿ, ಈ ಹಲಗೆ ಪಕ್ಕದ ಗೋಡೆಯಲ್ಲಿದೆ, ಪ್ರಶ್ನೆಯೇ ಬರುವುದಿಲ್ಲ. ಕೊಕ್ಕೆಗಳಿಗೆ ಚನ್ನಪಟ್ಟಣದ ಅರಗಿನ ಗುಬುಟುಗಳು ಸಿಗುತ್ತವೆ, ಹಾಲೆ ಮರದವು, ನಿಮ್ಮ ಮೂರು ಬಣ್ಣಕ್ಕೆ ಹೊಂದುವಂಥದ್ದು ಆರಿಸಿ. ಬೀಗದ ಕೈ ಹಾಕಲು ಹಿತ್ತಾಳೆಯ ಹಳೆಯ ಪಾವು ಅಥವಾ ಸೇರು. ಅಟ್ಟದಲ್ಲಿ ಇದ್ದೇ ಇರುತ್ತದೆ.

ನೆಲಕ್ಕೆ ಸೆಣಬಿನ ರಗ್ಗು ಬೇಡ. ಫೋಟೋದಲ್ಲಿ ಚೆನ್ನಾಗಿರುತ್ತದೆ, ಆದರೆ ನೀರು ಕುಡಿದರೆ ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಮಂಗಳೂರು, ಉಡುಪಿ ಕಡೆ ಇದನ್ನು ಓದುತ್ತಿರುವವರಂತೂ ಅದರ ತಂಟೆಗೇ ಹೋಗಬೇಡಿ. ಹತ್ತಿಯ ಜಮಖಾನೆ ಹಾಸಿ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಮಗ್ಗದಲ್ಲಿ ನೇಯುವ ಜಮಖಾನೆಗಳಿವೆ, ಅದಕ್ಕೂ ಜಿಐ ಸಿಕ್ಕಿದೆ. ನವಿಲು, ಪಗಡೆ ಹಾಸಿನ ವಿನ್ಯಾಸಗಳು ಅಲ್ಲಿನವು. ನೇಯುವವರು ಈಗ ಕಡಿಮೆ, ಹಾಗಾಗಿ ಸಣ್ಣದಕ್ಕೂ ಕಾಯಬೇಕಾಗಬಹುದು. ಅಲ್ಲಿಯವರೆಗೆ ಯಾವುದಾದರೂ ಹತ್ತಿ ಜಮಖಾನೆ ನಡೆಯುತ್ತದೆ. ಹಾಸುವ ಮೊದಲು ಬಾಗಿಲಿನ ಕೆಳಗಿನ ಸಂದಿ ಅಳೆಯಿರಿ, ಎಷ್ಟೋ ಮನೆಗಳಲ್ಲಿ ಅಲ್ಲಿ ಅರ್ಧ ಇಂಚೂ ಇರುವುದಿಲ್ಲ. ಬಾಗಿಲು ತಿರುಗುವ ಜಾಗ ಬಿಟ್ಟು, ಬೆಂಚಿನ ಮುಂದೆ ಮಾತ್ರ ಹಾಸಿ, ಅಡಿಗೆ ಜಾರದ ರಬ್ಬರ್ ಜಾಲರಿ ಹಾಕಿ. ಹೊರಗೆ ಒಂದು ತೆಂಗಿನ ನಾರಿನ ಮ್ಯಾಟ್. ಹೊಸ್ತಿಲ ಸುತ್ತಲಿನ ನೆಲ ಬರಿದಾಗಿರಲಿ, ರಂಗೋಲಿ ಜಾಗ ಅದು, ದಿನಾ ನೀರು ಬೀಳುತ್ತದೆ.

ಗಿಡದ ವಿಷಯ. ಬೆಳಕೇ ಇಲ್ಲದಲ್ಲಿ ಬೆಳೆಯುವ ಗಿಡ ಇಲ್ಲ. ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್, ಮನಿ ಪ್ಲಾಂಟ್ ಕಡಿಮೆ ಬೆಳಕನ್ನು ತಡೆದುಕೊಳ್ಳುತ್ತವೆ, ಅಷ್ಟೇ. ಆದ್ದರಿಂದ ಒಂದೇ ಥರದ ಎರಡು ಕುಂಡ ತನ್ನಿ. ಒಂದು ಬಾಗಿಲ ಹತ್ತಿರ, ಇನ್ನೊಂದು ಬಾಲ್ಕನಿಯಲ್ಲಿ ನೆರಳಿರುವ ಕಡೆ. ವಾರ ಹತ್ತು ದಿನಕ್ಕೊಮ್ಮೆ ಜಾಗ ಬದಲಿಸಿ. ಒಳಗಿರುವಾಗ ನೀರು ಕಡಿಮೆ ಹಾಕಿ, ಕತ್ತಲಲ್ಲಿ ಗಿಡ ಸಾಯುವುದು ಹೆಚ್ಚಾಗಿ ಬೇರು ಕೊಳೆತೇ. ಪ್ಲಾಸ್ಟಿಕ್ ಬಳ್ಳಿ ಇಳಿಬಿಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ, ಧೂಳಿಗೆ ಅದರಷ್ಟು ಒಳ್ಳೆಯ ಮನೆ ಇನ್ನೊಂದಿಲ್ಲ.

ಪಾಂಪಸ್ ಹುಲ್ಲಿನ ಬದಲು ಭತ್ತದ ತೆನೆ. ಸುಗ್ಗಿ ಸಮಯದಲ್ಲಿ ಊರಿಗೆ ಹೋದಾಗ ಒಂದು ಹಿಡಿ ತನ್ನಿ, ಎರಡು ಮೂರು ದಿನ ಬಿಸಿಲಿಗೆ ಹಾಕಿ ಒಣಗಿಸಿ, ಮಣ್ಣಿನ ಹೂಜಿಯಲ್ಲಿ ನಿಲ್ಲಿಸಿ. ಹೊಸ ತೆನೆಯನ್ನು ಬಾಗಿಲಿಗೆ ಕಟ್ಟುವ ಪದ್ಧತಿ ಕರಾವಳಿಯಲ್ಲಿ, ಕೊಡಗಿನಲ್ಲಿ ಇದ್ದೇ ಇದೆ, ಅತ್ತೆಯವರೂ ಮೆಚ್ಚುತ್ತಾರೆ. ಹುಳ ಬಿದ್ದರೆ ತೆಗೆದು ಹಾಕಿ, ಮುಂದಿನ ವರ್ಷ ಹೊಸದು.

ದೀಪದ ಬಗ್ಗೆ ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ. ಒಣ ತೆನೆ, ಬೆತ್ತ, ಇಳಿಬಿದ್ದ ದಾರ, ಬಟ್ಟೆಯ ಪರದೆ, ಇವೆಲ್ಲ ಒಂದು ಕಿಡಿಗೆ ಕಾಯುತ್ತಿರುವ ವಸ್ತುಗಳು. ಹೊಸ್ತಿಲ ದೀಪದಿಂದ ಇವೆಲ್ಲ ಎರಡು ಮೂರು ಅಡಿ ದೂರ ಇರಲಿ, ದೀಪದ ನೇರ ಮೇಲೆ ಏನೂ ನೇತಾಡಬಾರದು. ಬೆಂಚನ್ನು ಬಾಗಿಲ ಕಡೆಗಲ್ಲದೆ ಹಾಲ್ ಕಡೆಗೆ ಸರಿಸಿ ಇಟ್ಟರೆ ಈ ದೂರ ತಾನಾಗಿಯೇ ಸಿಗುತ್ತದೆ.

ದುಡ್ಡಿನ ಲೆಕ್ಕ: ಅರ್ಧಕ್ಕಿಂತ ಜಾಸ್ತಿ ಬೆಂಚು, ಹಲಗೆಗೇ ಹೋಗುತ್ತದೆ, ಹೋಗಲಿ. ಅದು ಹತ್ತು ವರ್ಷ ಬರುವ ಸಾಮಾನು. ಆಮೇಲೆ ದೀಪ, ಜಮಖಾನೆ, ಕನ್ನಡಿ. ಕಸೂತಿ ಅಥವಾ ಚಿತ್ತಾರದಲ್ಲಿ ಒಂದನ್ನು ಮಾತ್ರ ಈ ವರ್ಷ ಕೊಳ್ಳಿ. ಕೈಕೆಲಸದವರ ಹತ್ತಿರ ಚೌಕಾಸಿ ಮಾಡಿ ಎರಡು ಕೊಳ್ಳುವುದಕ್ಕಿಂತ ಸರಿಯಾದ ಬೆಲೆಗೆ ಒಂದು ಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಬಿದಿರು ಬೇಕಾದರೆ ಬ್ಯಾಂಬೂ ಬಜಾರ್, ಕುಂಡ, ಹೂಜಿಗೆ ಪಾಟರಿ ಟೌನ್. ಎರಡೂ ನಿಮ್ಮ ಊರಲ್ಲೇ ಇವೆ, ಕೊರಿಯರ್‌ನಲ್ಲಿ ಒಡೆದು ಬರುವ ಭಯವೂ ಇಲ್ಲ.

ಎಲ್ಲವನ್ನೂ ಒಂದೇ ಭಾನುವಾರ ಮುಗಿಸಲು ಹೋಗಬೇಡಿ. ಬೆಂಚು ಬಂದ ಮೇಲೆ ಒಂದೆರಡು ವಾರ ಸುಮ್ನೆ ಬಳಸಿ ನೋಡಿ. ಬೀಗದ ಕೈ ಎಲ್ಲಿ ಇಡುತ್ತೀರಿ, ಮಕ್ಕಳು ಬ್ಯಾಗ್ ಎಲ್ಲಿ ಎಸೆಯುತ್ತಾರೆ ಅಂತ ಗಮನಿಸಿ, ಕೊಕ್ಕೆಯನ್ನು ಅಲ್ಲೇ ಹಾಕಿಸಿ. ಮಕ್ಕಳ ಕೊಕ್ಕೆ ಮೂರು ಅಡಿ ಎತ್ತರಕ್ಕಿದ್ದರೆ ಅವರೇ ನೇತು ಹಾಕುತ್ತಾರೆ, ಅಥವಾ ನೇತು ಹಾಕಲಿಲ್ಲ ಅಂತ ಬೈಯಲು ನಿಮಗೊಂದು ನ್ಯಾಯವಾದ ಕಾರಣ ಇರುತ್ತದೆ.

ಹಳೆಯ ಸೀರೆ, ಕೌದಿ, ಕಸೂತಿಯನ್ನು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಒಳಮಡಿಕೆಯ ಮೂಲೆಗೆ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಅದನ್ನು ಬೇರೆ ಬಟ್ಟೆಯ ಜೊತೆ ಒಗೆಯಬೇಡಿ, ಕೂರುವ ಜಾಗಕ್ಕೂ ಹಾಸಬೇಡಿ. ಮಳೆಯಲ್ಲಿ ನೆನೆದು ಬಂದವರು ಅದರ ಮೇಲೆ ಕೂತರೆ ಅವರ ಬಟ್ಟೆಯೂ ಕೆಂಪಾಗುತ್ತದೆ.